ಚಳಿಗೆ ಏಳದ ಯಂತ್ರ

ಸಂಕ್ರಾಂತಿಗೆ ಇನ್ನು ನಾಲ್ಕು ದಿನಗಳಿರುವಾಗ ಅಕ್ಕ ಫೋನು ಮಾಡಿ, "ನಿನ್ನ ಅಳಿಯ ಕೈತಪ್ಪಿ ಹೋದ ಕಣೋ" ಎಂದಳು. ಕೈತಪ್ಪಿದ್ದು ಕುಡಿತದಿಂದಲ್ಲ, ಇಸ್ಪೀಟಿನಿಂದಲ್ಲ, ಕಂಪ್ಯೂಟರಿನಿಂದ. ಮೈಸೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿರುವ ಅವಳ ಮಗ ಎರಡು ವಿಷಯಗಳಲ್ಲಿ ನಪಾಸಾಗಿದ್ದಾನೆ. ಮನೆಯಿಂದ ಹೋದ ಹಣವನ್ನು ಹಳೆಯ ಕಂಪ್ಯೂಟರುಗಳ ಬಿಡಿಭಾಗಗಳಿಗೆ ಸುರಿಯುತ್ತಿದ್ದಾನೆ. ಸಾಲದುದಕ್ಕೆ, ಪಶುವೈದ್ಯಶಾಲೆಯಲ್ಲಿ ಇರುವಂಥ ಹೊಗೆಯಾಡುವ ಡಬ್ಬವೊಂದನ್ನು ಬಾಡಿಗೆಯ ಕೋಣೆಗೆ ತಂದಿಟ್ಟಿದ್ದಾನೆಂದು ಮನೆಯ ಯಜಮಾನರ ದೂರು. "ನೀನು ಮೇಷ್ಟ್ರು, ನಿನ್ನ ಮಾತಾದರೆ ಕೇಳುತ್ತಾನೆ. ಹೋಗಿ ನಾಲ್ಕು ಮಾತು ಹೇಳಿ ಬಾ" ಎಂದು ಅಕ್ಕ ಆಜ್ಞಾಪಿಸಿದಳು.

ಆ ನಾಲ್ಕು ಮಾತುಗಳನ್ನು ನಾನು ಬಸ್ಸಿನಲ್ಲಿಯೇ ಸಿದ್ಧಪಡಿಸಿಕೊಂಡೆ. ಇಪ್ಪತ್ತು ವರ್ಷ ತರಗತಿಯಲ್ಲಿ ನಿಂತವನಿಗೆ ಉಪದೇಶದ ಸಾಮಗ್ರಿಗೆ ಕೊರತೆಯೆಲ್ಲಿಯದು? ಆದರೆ ಆ ಶನಿವಾರದ ರಾತ್ರಿ ಕಂಡದ್ದು ನನ್ನ ಮಾತುಗಳನ್ನು ಅಲ್ಲಿಯೇ ತಡೆದು ನಿಲ್ಲಿಸಿತು. ಕಂಡದ್ದೇನೆಂಬುದನ್ನು, ನನ್ನಂತೆಯೇ ಯಂತ್ರವಿದ್ಯೆಯಿಂದ ದೂರ ಉಳಿದಿರುವ ಓದುಗರಿಗೆ ತಿಳಿಸುವುದು ಈ ಬರಹದ ಉದ್ದೇಶ.

ಕೋಣೆಯ ನಡುವೆ ಒಂದು ಮೇಜು. ಅದರ ಮೇಲೆ ಹೊರಕವಚವಿಲ್ಲದೆ ಮೈಬಿಚ್ಚಿ ಮಲಗಿದ ಕಂಪ್ಯೂಟರು. ಸಾಮಾನ್ಯವಾಗಿ ಫ್ಯಾನು ಇರಬೇಕಾದ ಜಾಗದಲ್ಲಿ, ಪ್ರೊಸೆಸರಿನ ನೆತ್ತಿಯ ಮೇಲೆ, ದಪ್ಪನೆಯ ತಾಮ್ರದ ಒಂದು ಲೋಟ. ಲೋಟದ ಸುತ್ತ ಹತ್ತಿ, ಸ್ಪಂಜು, ಕಾಗದದ ಟವೆಲು. ಮದರ್‌ಬೋರ್ಡಿನ ಮೇಲೆಲ್ಲ ವ್ಯಾಸಲೀನು ಮೆತ್ತಿದ್ದಾರೆ. ಸಂದುಗಳಿಗೆ ಚಿತ್ರಕಾರರು ಬಳಸುವ ಮೆತ್ತನೆಯ ರಬ್ಬರನ್ನು ನಾದಿ ತುಂಬಿದ್ದಾರೆ. ಲೋಟದ ಬಾಯಿಂದ ಬಿಳಿಯ ಮಂಜು ಮೇಲೇಳದೆ ಕೆಳಕ್ಕೆ ಇಳಿದು, ಮೇಜಿನ ಅಂಚಿನಿಂದ ಜಾರಿ, ನೆಲದಲ್ಲಿ ಹರಡಿ ಮಾಯವಾಗುತ್ತಿತ್ತು. ಕಿಟಕಿ ಬಾಗಿಲುಗಳೆಲ್ಲ ತೆರೆದಿದ್ದವು. ಮೂವರು ಹುಡುಗರು ಸ್ವೆಟರು ತೊಟ್ಟು, ಯಾಗಶಾಲೆಯಲ್ಲಿ ಕುಳಿತವರಂತೆ ಅದರ ಸುತ್ತ ಕುಳಿತಿದ್ದರು.

"ಬನ್ನಿ ಮಾವ, ಕೂತುಕೊಳ್ಳಿ. ಆ ಡಬ್ಬ ಒಂದು ಮಾತ್ರ ಮುಟ್ಟಬೇಡಿ" ಎಂದ ಅಳಿಯ.

ಡಬ್ಬದಲ್ಲಿದ್ದುದು ದ್ರವರೂಪದ ಸಾರಜನಕ. ನಮ್ಮ ಹಳ್ಳಿಗಳ ಪಶುವೈದ್ಯಶಾಲೆಗಳಲ್ಲಿ ತಳಿಯ ಹೋರಿಗಳ ವೀರ್ಯವನ್ನು ಕಾಪಿಡುವುದು ಇದರಲ್ಲಿಯೇ. ಅದರ ಕುದಿಬಿಂದು ಶೂನ್ಯಕ್ಕಿಂತ 196 ಡಿಗ್ರಿ ಸೆಲ್ಸಿಯಸ್ ಕೆಳಗೆ. ನಾವು ಉಸಿರಾಡುವ ಗಾಳಿಯ ಐದರಲ್ಲಿ ನಾಲ್ಕು ಪಾಲಿನಷ್ಟಿರುವ ಈ ಅನಿಲವನ್ನು ನೀರಿನಂತೆ ಪಾತ್ರೆಯಲ್ಲಿ ನಿಲ್ಲಿಸಿ ತೋರಿಸಿದವರು ಪೋಲೆಂಡಿನ ಕ್ರಾಕೋವ್ ನಗರದ ವ್ರೊಬ್ಲೆವ್‌ಸ್ಕಿ ಮತ್ತು ಓಲ್ಶೆವ್‌ಸ್ಕಿ ಎಂಬ ಇಬ್ಬರು ವಿಜ್ಞಾನಿಗಳು, ವರ್ಷ 1883. ಆ ಇಬ್ಬರು ಪ್ರಾಧ್ಯಾಪಕರು ತಮ್ಮ ದ್ರವವನ್ನು ಮುಂದೊಂದು ಕಾಲದಲ್ಲಿ ಹುಡುಗರು ಲೆಕ್ಕದ ಯಂತ್ರವೊಂದರ ತಲೆಗೆ ಅಭಿಷೇಕ ಮಾಡುವರೆಂದು ಕನಸಿನಲ್ಲಿಯೂ ಎಣಿಸಿರಲಾರರು.

ಈ ಅಭಿಷೇಕದ ಪ್ರಯೋಜನವೇನು? ಪ್ರೊಸೆಸರನ್ನು, ಅದನ್ನು ತಯಾರಿಸಿದವರು ಗೊತ್ತುಮಾಡಿದ ವೇಗಕ್ಕಿಂತ ಹೆಚ್ಚು ವೇಗದಲ್ಲಿ ಓಡಿಸುವುದು. ಇದಕ್ಕೆ ಓವರ್‌ಕ್ಲಾಕಿಂಗ್ ಎಂದು ಹೆಸರು. 'ಗತಿವರ್ಧನೆ' ಎಂಬ ಮಾತನ್ನು ನಾನು ಸೂಚಿಸಿದೆ. ಹುಡುಗರು ವಿನಯದಿಂದ ನಕ್ಕರು. ಆದುದರಿಂದ ಅವರ ಮಾತೇ ಇರಲಿ.

ಸಂಗೀತ ಬಲ್ಲವರಿಗೆ ಇದನ್ನು ತಿಳಿಸುವುದು ಸುಲಭ. ಕಂಪ್ಯೂಟರಿನ ಒಳಗೊಬ್ಬ ತಾಳ ಹಾಕುವವನಿದ್ದಾನೆ. ಇಂದಿನ ಯಂತ್ರಗಳಲ್ಲಿ ಅವನು ಸಾಮಾನ್ಯವಾಗಿ ಸೆಕೆಂಡಿಗೆ ಹತ್ತು ಕೋಟಿ ಪೆಟ್ಟು ಹಾಕುತ್ತಾನೆ. ಅಂದರೆ 100 ಮೆಗಾಹರ್ಟ್ಸ್. ಪ್ರೊಸೆಸರು ಈ ಒಂದೊಂದು ಪೆಟ್ಟಿನೊಳಗೂ ನಲವತ್ತೋ ಐವತ್ತೋ ಅಕ್ಷರಗಳನ್ನು ಕೂಡಿಸಿಕೊಂಡು ನಡೆಯುತ್ತದೆ. ಪೆಟ್ಟಿಗೆ ನಲವತ್ತೈದು ಅಕ್ಷರವಾದರೆ ವೇಗ 4.5 ಗಿಗಾಹರ್ಟ್ಸ್ ಆಯಿತು. ಇನ್ನು ವೇಗ ಹೆಚ್ಚಿಸಲು ಎರಡೇ ದಾರಿ: ತಾಳದ ಪೆಟ್ಟನ್ನೇ ಬಿರುಸು ಮಾಡುವುದು, ಇಲ್ಲವೆ ಪೆಟ್ಟಿಗೆ ಸಲ್ಲುವ ಅಕ್ಷರಗಳನ್ನು ಹೆಚ್ಚಿಸುವುದು. ಮೊದಲನೆಯದರಲ್ಲಿ ಪಕ್ಕವಾದ್ಯದವರೂ ಓಡಬೇಕಾಗುತ್ತದೆ. ಎರಡನೆಯದರಲ್ಲಿ ಗಾಯಕನೊಬ್ಬನಿಗೇ ಶ್ರಮ.

ಗೊತ್ತುಮಾಡಿದ ಗತಿಯನ್ನು ಮೀರಲು ಸಾಧ್ಯವಾಗುವುದಾದರೂ ಹೇಗೆ? ಒಂದೇ ಸಿಲಿಕಾನ್ ಬಿಲ್ಲೆಯಿಂದ ಕತ್ತರಿಸಿದ ಚಿಪ್‌ಗಳೆಲ್ಲ ಒಂದೇ ಸಮನಾಗಿರುವುದಿಲ್ಲ. ಒಂದು ಚುರುಕು, ಇನ್ನೊಂದು ಮಂದ. ತಯಾರಕನು ಅವುಗಳನ್ನು ಪರೀಕ್ಷಿಸಿ, ಬೇಸಗೆಯ ಸೆಕೆಯಲ್ಲಿಯೂ ವರ್ಷಗಟ್ಟಲೆ ತಪ್ಪಿಲ್ಲದೆ ದುಡಿಯಬಲ್ಲ ಒಂದು ವೇಗವನ್ನು, ಸ್ವಲ್ಪ ಎಚ್ಚರಿಕೆಯ ಅಂತರವಿಟ್ಟು, ಅವುಗಳ ಮೇಲೆ ಬರೆಯುತ್ತಾನೆ. ಆ ಅಂತರವೇ ಈ ಹುಡುಗರ ಆಟದ ಮೈದಾನ. ನಮ್ಮ ಅಂಕಪಟ್ಟಿಗಳ ಹಾಗೆಯೇ ಇದೂ ಎನ್ನಬಹುದು: ಮೇಲೆ ಬರೆದ ಸಂಖ್ಯೆ ಸುಳ್ಳಲ್ಲ, ಆದರೆ ಒಳಗಿರುವುದೆಲ್ಲವನ್ನೂ ಅದು ಹೇಳುವುದೂ ಇಲ್ಲ.

ಈ ಆಟ ಹೊಸದೇನಲ್ಲ. 1984ರಲ್ಲಿ ಐಬಿಎಂ ಕಂಪನಿಯು ಪಿಸಿ ಎಟಿ ಎಂಬ ಕಂಪ್ಯೂಟರನ್ನು ಹೊರತಂದಾಗ ಅದರ ವೇಗ 6 ಮೆಗಾಹರ್ಟ್ಸ್ ಇತ್ತು. ಕೊಂಡವರಲ್ಲಿ ಕೆಲವರು ಅದರೊಳಗಿನ ತಾಳದ ಹರಳನ್ನು ಕಿತ್ತು, ಬಿರುಸಾದ ಬೇರೊಂದು ಹರಳನ್ನು ಕೂಡಿಸಿ 8 ಮೆಗಾಹರ್ಟ್ಸಿಗೆ ಏರಿಸಿಕೊಂಡರು. ಕಂಪನಿಯವರು ಮುಂದಿನ ಯಂತ್ರಗಳಲ್ಲಿ ಇದಕ್ಕೆ ತಡೆ ಹಾಕಬೇಕಾಯಿತು. 1998ರಲ್ಲಿ ಇಂಟೆಲ್ ಕಂಪನಿಯ ಸೆಲೆರಾನ್ 300ಎ ಎಂಬ ಅಗ್ಗದ ಪ್ರೊಸೆಸರು ಬಂದಿತು. ಅದರ ತಾಳವನ್ನು 66ರಿಂದ 100 ಮೆಗಾಹರ್ಟ್ಸಿಗೆ ಏರಿಸಿದರೆ ಸಾಕು, 300 ಮೆಗಾಹರ್ಟ್ಸಿನ ಚಿಪ್ 450ರಲ್ಲಿ ಓಡುತ್ತಿತ್ತು. ಬಡ ವಿದ್ಯಾರ್ಥಿಯು ಶ್ರೀಮಂತನ ಯಂತ್ರದ ವೇಗವನ್ನು ಅಗ್ಗದ ಬೆಲೆಗೆ ಪಡೆದನು. ಆ ಪೀಳಿಗೆಯವರು ಈಗಲೂ ಆ ಚಿಪ್ಪಿನ ಹೆಸರನ್ನು ಹಳೆಯ ಗೆಳೆಯನ ಹೆಸರಿನಂತೆ ಹೇಳಿಕೊಳ್ಳುತ್ತಾರೆ.

ಆದರೆ ವೇಗಕ್ಕೆ ಬೆಲೆಯಿದೆ. ಆ ಬೆಲೆ ಬಿಸಿ. ಬಿರುಸಾಗಿ ಓಡಬೇಕಾದರೆ ಟ್ರಾನ್ಸಿಸ್ಟರುಗಳಿಗೆ ಹೆಚ್ಚು ವೋಲ್ಟೇಜು ಉಣಿಸಬೇಕು. ಹುಟ್ಟುವ ಬಿಸಿಯು ವೇಗಕ್ಕೆ ತಕ್ಕಷ್ಟು ಏರುವುದರ ಜೊತೆಗೆ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆಯೂ ಏರುತ್ತದೆ. ವೇಗವನ್ನೂ ವೋಲ್ಟೇಜನ್ನೂ ಶೇಕಡಾ 20ರಷ್ಟು ಹೆಚ್ಚಿಸಿದರೆ ಬಿಸಿ ಶೇಕಡಾ 70ಕ್ಕೂ ಮಿಗಿಲಾಗಿ ಹೆಚ್ಚುತ್ತದೆ. ಮೊದಲು ಫ್ಯಾನು ಸಾಲದೆ ಹೋಗುತ್ತದೆ, ಆಮೇಲೆ ಕೊಳವೆಯಲ್ಲಿ ಹರಿಯುವ ನೀರೂ ಸಾಲದಾಗುತ್ತದೆ. ಇನ್ನೂ ಮುಂದೆ ಹೋಗಬೇಕೆನ್ನುವವನು ಘನರೂಪದ ಇಂಗಾಲದ ಡೈಆಕ್ಸೈಡಿಗೆ, ಅಂದರೆ ಶೂನ್ಯಕ್ಕಿಂತ 78 ಡಿಗ್ರಿ ಕೆಳಗಿನ 'ಒಣ ಮಂಜಿಗೆ' ಕೈ ಹಾಕುತ್ತಾನೆ. ಅದರಾಚೆ ದ್ರವ ಸಾರಜನಕ. ಕೊನೆಗೆ, ಹಣವಂತರ ಪಾಲಿಗೆ, ದ್ರವ ಹೀಲಿಯಂ.

ಹೀಲಿಯಮನ್ನು 1908ರ ಜುಲೈ 10ರಂದು ಹಾಲೆಂಡಿನ ಲೈಡನ್ ನಗರದಲ್ಲಿ ಮೊದಲು ದ್ರವವಾಗಿಸಿದವರು ಕಾಮರ್‌ಲಿಂಗ್ ಓನ್ಸ್. ಅದರ ಕುದಿಬಿಂದು ಶೂನ್ಯಕ್ಕಿಂತ 269 ಡಿಗ್ರಿ ಕೆಳಗೆ. 2011ರ ಆಗಸ್ಟ್ 31ರಂದು ಅಮೆರಿಕದ ಟೆಕ್ಸಾಸಿನ ಆಸ್ಟಿನ್ ನಗರದಲ್ಲಿ ಎಎಂಡಿ ಕಂಪನಿಯವರು ತಮ್ಮ ಎಫ್‌ಎಕ್ಸ್ ಪ್ರೊಸೆಸರೊಂದನ್ನು ಈ ಹೀಲಿಯಮಿನಿಂದ ತಣಿಸಿ 8.429 ಗಿಗಾಹರ್ಟ್ಸಿಗೆ ಏರಿಸಿದರು. ಗಿನ್ನೆಸ್ ಪುಸ್ತಕದವರು ಅದನ್ನು ದಾಖಲೆಯೆಂದು ಒಪ್ಪಿದರು. 2022ರ ಡಿಸೆಂಬರಿನಲ್ಲಿ, ಮತ್ತೆ ಹೀಲಿಯಮಿನ ನೆರವಿನಿಂದಲೇ, ಇಂಟೆಲ್ ಕಂಪನಿಯ ಕೋರ್ ಐ9-13900ಕೆ ಎಂಬುದು 9 ಗಿಗಾಹರ್ಟ್ಸಿನ ಗಡಿಯನ್ನು ದಾಟಿತು. ಆ ವೇಗದಲ್ಲಿ ಒಂದು ಅಕ್ಷರದಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಬೆಳಕು ಕೂಡ ಮೂರು ಸೆಂಟಿಮೀಟರಿಗಿಂತ ತುಸು ಹೆಚ್ಚು ದೂರವನ್ನಷ್ಟೆ ಕ್ರಮಿಸಬಲ್ಲದು. ಸೆಕೆಂಡಿಗೆ ಮೂರು ಲಕ್ಷ ಕಿಲೋಮೀಟರು ಓಡುವ ಬೆಳಕಿಗೆ ಕಿರುಬೆರಳಿನಷ್ಟು ಹಾದಿ!

ಚಳಿಯು ಬಿಸಿಯನ್ನು ಹೀರುವುದಷ್ಟೆ ಅಲ್ಲ, ಸಿಲಿಕಾನಿನ ಸ್ವಭಾವವನ್ನೇ ತಿದ್ದುತ್ತದೆ. ಬೆಚ್ಚಗಿರುವ ಹರಳಿನಲ್ಲಿ ಪರಮಾಣುಗಳು ನಿಂತಲ್ಲಿ ನಿಲ್ಲದೆ ನಡುಗುತ್ತಿರುತ್ತವೆ. ಸಂತೆಯ ಜನಜಂಗುಳಿಯಲ್ಲಿ ನುಗ್ಗುವವನಂತೆ ಎಲೆಕ್ಟ್ರಾನು ಎಡವುತ್ತ ಸಾಗಬೇಕು. ಚಳಿಯಲ್ಲಿ ಆ ನಡುಕ ತಗ್ಗುತ್ತದೆ, ಹಾದಿ ತೆರವಾಗುತ್ತದೆ, ತಂತಿಗಳ ತಡೆ ಇಳಿಯುತ್ತದೆ, ಸುಮ್ಮನೆ ಸೋರಿಹೋಗುವ ವಿದ್ಯುತ್ತು ಇಲ್ಲವೆಂಬಷ್ಟು ಕಡಮೆಯಾಗುತ್ತದೆ. ಇದು ಹುಡುಗಾಟದವರ ಶೋಧವಲ್ಲ. ಅಮೆರಿಕದ ಮಿನೆಸೋಟದಲ್ಲಿದ್ದ ಇಟಿಎ ಸಿಸ್ಟಮ್ಸ್ ಎಂಬ ಕಂಪನಿಯು 1987ರಲ್ಲಿ ಹೊರತಂದ ಇಟಿಎ-10 ಎಂಬ ಮಹಾಗಣಕದ ಉನ್ನತ ಮಾದರಿಗಳಲ್ಲಿ ಪ್ರೊಸೆಸರಿನ ಹಲಗೆಗಳು ದ್ರವ ಸಾರಜನಕದಲ್ಲಿಯೇ ಮುಳುಗಿರುತ್ತಿದ್ದವು; ಚಳಿಯಿಂದ ಅವುಗಳ ವೇಗ ಸುಮಾರಾಗಿ ಇಮ್ಮಡಿಯಾಗುತ್ತಿತ್ತು. ಕಂಪನಿ 1989ರಲ್ಲಿ ಮುಚ್ಚಿತು. ಯಂತ್ರ ಹೋಯಿತು, ಚಳಿಯ ಪಾಠ ಉಳಿಯಿತು.

ಹಾಗಿದ್ದ ಮೇಲೆ, ಚಳಿ ಹೆಚ್ಚಿದಷ್ಟೂ ಒಳ್ಳೆಯದಲ್ಲವೆ? ನಾನೂ ಹಾಗೆಯೇ ಕೇಳಿದೆ. ಉತ್ತರ ಆ ರಾತ್ರಿ ಕಣ್ಣೆದುರಿಗೇ ನಡೆಯಿತು.

*

ಒಂಬತ್ತೂವರೆಯ ಹೊತ್ತಿಗೆ ಲೋಟದ ಬುಡದಲ್ಲಿ ನೆಟ್ಟಿದ್ದ ಉಷ್ಣಮಾಪಕವು ಶೂನ್ಯಕ್ಕಿಂತ 110 ಡಿಗ್ರಿ ಕೆಳಗನ್ನು ತೋರಿಸುತ್ತಿತ್ತು. ಪ್ರೊಸೆಸರಿನ ಎಲ್ಲ ಕೋರುಗಳನ್ನೂ ಒಟ್ಟಿಗೆ ದುಡಿಸಿ ಒಂದು ಚಿತ್ರವನ್ನು ಬಿಡಿಸುವ ಪರೀಕ್ಷೆ ಪರದೆಯ ಮೇಲೆ ನಡೆದಿತ್ತು. ಒಬ್ಬ ಹುಡುಗ ಸಣ್ಣ ಪಾತ್ರೆಯಿಂದ ತೊಟ್ಟುತೊಟ್ಟಾಗಿ ಸಾರಜನಕ ಸುರಿಯುತ್ತಿದ್ದ. ಇನ್ನೊಬ್ಬ ಮಾಪಕವನ್ನು ಓದಿ ಹೇಳುತ್ತಿದ್ದ. ಚಿತ್ರದ ಕೊನೆಯ ಚೌಕವೂ ತುಂಬಿತು. ಹುಡುಗರು ಚಪ್ಪಾಳೆಗೆ ಕೈಯೆತ್ತಿದರು. ಅಷ್ಟರಲ್ಲಿ ಪರದೆ ಕಲ್ಲಾಯಿತು. ಅಂಕಿಯನ್ನು ಬರೆದುಕೊಳ್ಳಲೂ ಆಗಲಿಲ್ಲ.

"ಕೋಲ್ಡ್ ಬಗ್!" ಎಂದ ಅಳಿಯ.

ಬಗ್ ಎಂದರೆ ಹುಳು. ಯಂತ್ರದ ದೋಷಕ್ಕೆ ಅವರ ಭಾಷೆಯಲ್ಲಿ ಹುಳುವೆಂದೇ ಹೆಸರು. ಒಂದು ಮಿತಿಯ ಕೆಳಗೆ ತಣ್ಣಗಾದರೆ ಪ್ರೊಸೆಸರು ಇದ್ದಕ್ಕಿದ್ದಂತೆ ನಿಂತುಬಿಡುತ್ತದೆ. ಸುಟ್ಟುಹೋಗುವುದಿಲ್ಲ, ಕೆಡುವುದೂ ಇಲ್ಲ. ಬೆಚ್ಚಗಾದರೆ ಮತ್ತೆ ಸರಿಹೋಗುತ್ತದೆ. ಚಳಿಗೆ ಮರಗಟ್ಟಿದ ಬೆರಳಿನಂತೆ.

ನನಗೆ ಸೋಜಿಗವಾದುದು ಅದು ನಿಂತ ಗಳಿಗೆ. ದುಡಿಯುತ್ತಿರುವಷ್ಟು ಹೊತ್ತು ನಿಲ್ಲದ ಯಂತ್ರವು ಕೆಲಸ ಮುಗಿದ ಕ್ಷಣದಲ್ಲಿ ಏಕೆ ನಿಂತಿತು? ಅಳಿಯ ವಿವರಿಸಿದ. ಮಾಪಕವು ಹೇಳುವುದು ಲೋಟದ ಚಳಿಯನ್ನು, ಸಿಲಿಕಾನಿನ ಚಳಿಯನ್ನಲ್ಲ. ದುಡಿಯುವಾಗ ಪ್ರೊಸೆಸರು ನೂರಾರು ವಾಟ್ ಬಿಸಿಯನ್ನು ತಾನೇ ಹುಟ್ಟಿಸಿಕೊಳ್ಳುತ್ತಿರುತ್ತದೆ. ಹೊರಗಿನ ಚಳಿಗೂ ತನಗೂ ನಡುವೆ ಆ ಬಿಸಿಯೇ ಅದರ ಕಂಬಳಿ. ಕೆಲಸ ಮುಗಿದೊಡನೆ ಕಂಬಳಿ ಜಾರುತ್ತದೆ. ಕೈತಪ್ಪಿ ಸುರಿದ ನಾಲ್ಕು ತೊಟ್ಟು ಹೆಚ್ಚಾದರೂ ಸಾಕು, ಒಳಗಿನ ಚಳಿ ಮಿತಿಯ ಕೆಳಗಿಳಿಯುತ್ತದೆ. ಬಲ್ಲವರು ಪರೀಕ್ಷೆ ಮುಗಿಯುವ ಮುನ್ನವೇ ಸುರಿಯುವುದನ್ನು ನಿಲ್ಲಿಸುತ್ತಾರಂತೆ. ದುಡಿಮೆಯೇ ಆಸರೆ, ವಿಶ್ರಾಂತಿಯೇ ಅಪಾಯ!

ಇದು ಮೊದಲನೆಯ ಕಷ್ಟ. ಎರಡನೆಯದು ಇದಕ್ಕಿಂತ ದೊಡ್ಡದು. ನಿಂತ ಯಂತ್ರವನ್ನು ಮತ್ತೆ ಎಬ್ಬಿಸಬೇಕಲ್ಲ! ಗುಂಡಿ ಒತ್ತಿದರು. ಮದರ್‌ಬೋರ್ಡಿನ ಮೂಲೆಯಲ್ಲಿ ಎರಡಂಕಿಯ ಒಂದು ಪುಟ್ಟ ಫಲಕವಿದೆ; ಯಂತ್ರ ಏಳುವಾಗ ಯಾವ ಮೆಟ್ಟಿಲಲ್ಲಿದೆ ಎಂಬುದನ್ನು ಅದು ಹೇಳುತ್ತದೆ. ಅದರಲ್ಲಿ ಎರಡು ಸೊನ್ನೆಗಳು ಮೂಡಿ ಹಾಗೆಯೇ ಉಳಿದವು. ಮತ್ತೆ ಒತ್ತಿದರು, ಮತ್ತೆ ಸೊನ್ನೆ. ಇದಕ್ಕೆ ಕೋಲ್ಡ್ ಬೂಟ್ ಬಗ್ ಎಂದು ಹೆಸರು. ನಡೆಯುತ್ತಿದ್ದ ಯಂತ್ರ ಶೂನ್ಯಕ್ಕಿಂತ 110 ಡಿಗ್ರಿ ಕೆಳಗೂ ನಡೆದಿತ್ತು. ಈಗ ಅದೇ 110ಕ್ಕೆ ಬೆಚ್ಚಗಾಗಿಸಿದರೂ ಅದು ಏಳಲೊಲ್ಲದು. 100ಕ್ಕೆ ತಂದರೂ ಏಳಲೊಲ್ಲದು.

ಏಕೆ ಹೀಗೆ? ನಾನು ಕೇಳಿ ತಿಳಿದಷ್ಟನ್ನು ಓದುಗರ ಮುಂದಿಡುತ್ತೇನೆ.

ಮೊದಲನೆಯ ಕಾರಣ ಆಗಲೇ ಹೇಳಿದ್ದು. ಏಳುವ ಗಳಿಗೆಯಲ್ಲಿ ಪ್ರೊಸೆಸರಿಗೆ ತನ್ನದೆಂಬ ಬಿಸಿಯಿಲ್ಲ. ಲೋಟವೆಷ್ಟು ತಣ್ಣಗೋ ಅದೂ ಅಷ್ಟೇ ತಣ್ಣಗೆ. ಎರಡನೆಯದು: ಟ್ರಾನ್ಸಿಸ್ಟರು ಒಂದು ಬಾಗಿಲು, ಅದು ತೆರೆಯಲು ಇಂತಿಷ್ಟು ವೋಲ್ಟೇಜು ಬೇಕು. ಚಳಿ ಹೆಚ್ಚಿದಂತೆ ಆ ಬಾಗಿಲು ಬಿಗಿಯಾಗುತ್ತದೆ. ತೆರೆಯಲು ಹೆಚ್ಚು ಒತ್ತಬೇಕು. ಆದರೆ ಹೆಚ್ಚಿನ ವೋಲ್ಟೇಜನ್ನು ಕೊಡಿಸುವ ಅಪ್ಪಣೆ ಹೊರಡುವುದು ಬಯಾಸ್ ಎಂಬ ಮೊದಲ ಕ್ರಮವಿಧಿಯಿಂದ. ಅದು ನಡೆಯಬೇಕಾದರೆ ಪ್ರೊಸೆಸರು ಮೊದಲು ಎದ್ದಿರಬೇಕು! ಮೂರನೆಯದು: ಏಳುವಾಗ ಮಾಡಬೇಕಾದ ಕೆಲಸಗಳು ನಡೆಯುವಾಗಿನ ಕೆಲಸಗಳಂತಲ್ಲ. ಹೊರಗಿನ ತಾಳಕ್ಕೆ ಒಳಗಿನ ಗತಿಯನ್ನು ಹೊಂದಿಸುವ ಮಂಡಲವೊಂದಿದೆ. ಅದು ಮೊದಲು ತಾಳವನ್ನು ಹಿಡಿದುಕೊಳ್ಳಬೇಕು. ವೋಲ್ಟೇಜು ಸರಿಯಾಗಿದೆಯೇ ಎಂದು ಹೋಲಿಸಿ ನೋಡುವ ಅಳತೆಗೋಲೊಂದಿದೆ. ಚಳಿಯಲ್ಲಿ ಆ ಅಳತೆಗೋಲೇ ವಾಲುತ್ತದೆ. ಮೆಮೊರಿಯೊಡನೆ ಮಾತಾಡುವ ಅಂಗವು ಸಂಕೇತ ಹೋಗಿ ಬರುವ ಕಾಲವನ್ನು ಮತ್ತೆ ಮತ್ತೆ ಅಳೆದು ತಕ್ಕ ಸಮಯವನ್ನು ಕಲಿತುಕೊಳ್ಳಬೇಕು. ಇವೆಲ್ಲ ಬೆಚ್ಚನೆಯ ಲೋಕಕ್ಕಾಗಿ ರಚಿತವಾದವು. ಒಮ್ಮೆ ಕಲಿತು ಹೊಂದಿಕೊಂಡ ಮೇಲೆ ಚಳಿ ಇನ್ನಷ್ಟು ಇಳಿದರೂ ಹೇಗೋ ಸಾಗಿಸುತ್ತವೆ; ಆದರೆ ಆ ಚಳಿಯಲ್ಲಿಯೇ ಮೊದಲ ಪಾಠ ಕಲಿ ಎಂದರೆ ಕಲಿಯಲಾರವು.

ಗಮನಿಸಬೇಕಾದ ಸಂಗತಿಯೆಂದರೆ, ಸೋಲುವುದು ಕೂಡಿ ಕಳೆದು ಗುಣಿಸುವ ಅಂಗವಲ್ಲ. ಚಳಿಯಿಂದ ಅದಕ್ಕೆ ಸಂತೋಷವೇ. ಇನ್ನಷ್ಟು ಓಡಬಲ್ಲೆನೆಂದು ಅದು ಹಾತೊರೆಯುತ್ತಿರುತ್ತದೆ. ಸೋಲುವುವು ಜಾಹೀರಾತಿನಲ್ಲಿ ಎಂದೂ ಹೆಸರಿಲ್ಲದ ಅಂಗಗಳು: ತಾಳ ಹಿಡಿಯುವುದು, ಅಳತೆ ನೋಡುವುದು, ನೆರೆಯವನೊಡನೆ ಮಾತಾಡುವುದು. ಈ ಅಂಗಗಳನ್ನು ರಚಿಸುವ ರೀತಿ ಬೇರೆಯಾದರೆ ಚಳಿಯ ಮಿತಿಯೂ ಬೇರೆಯಾಗುತ್ತದೆ. 2009ರಲ್ಲಿ ಬಂದ ಎಎಂಡಿ ಕಂಪನಿಯ ಫಿನಮ್-2 ಪ್ರೊಸೆಸರುಗಳಿಗೆ ಚಳಿಯ ಹುಳುವಿನ ಬಾಧೆ ಇರಲಿಲ್ಲವೆಂದೇ ಅವು ಈ ವಲಯದಲ್ಲಿ ಹೆಸರಾದವು. ದ್ರವ ಹೀಲಿಯಂ ಸುರಿದರೂ ನಡೆದವು. ಅದಕ್ಕೆ ತುಸು ಹಿಂದೆ ಬಂದ ಇಂಟೆಲ್ ಕಂಪನಿಯ ಮೊದಲ ಕೋರ್ ಐ7 ಪ್ರೊಸೆಸರುಗಳು ಬಲದಲ್ಲಿ ಮಿಗಿಲಾದರೂ ಅಷ್ಟು ಚಳಿಯನ್ನು ತಾಳದೆ ನಿಲ್ಲುತ್ತಿದ್ದವು. ಬಲ ಬೇರೆ, ತಾಳಿಕೆ ಬೇರೆ.

ಬೂಟ್ ಎಂಬ ಮಾತಿನ ಮೂಲವೂ ಸ್ವಾರಸ್ಯವಾದುದು. ತಾನು ತೊಟ್ಟ ಬೂಟಿನ ಪಟ್ಟಿಯನ್ನು ಹಿಡಿದು ತನ್ನನ್ನೇ ಮೇಲೆತ್ತಿಕೊಳ್ಳುವುದೆಂಬ ಇಂಗ್ಲಿಷ್ ನುಡಿಗಟ್ಟಿನಿಂದ ಅದು ಹುಟ್ಟಿತು. ಅಸಾಧ್ಯವೆಂದು ಹೇಳುವುದಕ್ಕೇ ಹುಟ್ಟಿದ ಮಾತು, ಯಂತ್ರಗಳು ದಿನವೂ ಮಾಡುವ ಕೆಲಸಕ್ಕೆ ಹೆಸರಾಗಿ ನಿಂತಿದೆ. ಪ್ರತಿ ಬೆಳಗ್ಗೆ ಗುಂಡಿಯೊತ್ತಿ ಕಾಫಿ ತರಲು ಹೋಗುವ ನಾವು, ಆ ಕೆಲವು ಸೆಕೆಂಡುಗಳಲ್ಲಿ ಎಷ್ಟು ದೊಡ್ಡ ಸಾಹಸ ನಡೆಯಿತೆಂಬುದನ್ನು ಯೋಚಿಸುವುದಿಲ್ಲ.

*

ಏಳದ ಯಂತ್ರಕ್ಕೆ ಇವರು ಮಾಡುವ ಚಿಕಿತ್ಸೆ ಹೀಗಿದೆ. ಮೊದಲು, ಸುರಿಯುವುದನ್ನು ನಿಲ್ಲಿಸಿ ಕಾಯುವುದು. ತುರ್ತಾದರೆ ಬಿಸಿಗಾಳಿಯ ಯಂತ್ರದಿಂದಲೋ ಕೈದೀವಿಗೆಯಂಥ ಗ್ಯಾಸಿನ ಜ್ವಾಲೆಯಿಂದಲೋ ಲೋಟವನ್ನು ಕಾಯಿಸುವುದು. ಹಿಮ ಕಟ್ಟಿದ ಪಾತ್ರೆಗೆ ಬೆಂಕಿ ಹಿಡಿಯುವ ಆ ದೃಶ್ಯ ನೋಡತಕ್ಕದ್ದು. ಎರಡನೆಯದಾಗಿ, ಮೆಮೊರಿಯ ವೇಗವನ್ನು ತಗ್ಗಿಸಿ, ಏಳುವಾಗಿನ ಹೊರೆಯನ್ನು ಹಗುರ ಮಾಡುವುದು. ಮೂರನೆಯದಾಗಿ, ತಾಳ ಹಿಡಿಯುವ ಮಂಡಲಕ್ಕೂ ಮೆಮೊರಿಯ ಅಂಗಕ್ಕೂ ವೋಲ್ಟೇಜನ್ನು ತುಸು ಹೆಚ್ಚಿಸುವುದು. ಈ ಆಟಕ್ಕೆಂದೇ ತಯಾರಾದ ಮದರ್‌ಬೋರ್ಡುಗಳಲ್ಲಿ ಇದಕ್ಕಾಗಿ ಪ್ರತ್ಯೇಕ ಕೀಲಿಯೇ ಇರುತ್ತದೆ. ಅದನ್ನು ಸರಿಸಿದರೆ, ಚಳಿಯಲ್ಲಿ ಏಳಲು ಬೇಕಾದ ಏರ್ಪಾಟುಗಳು ಬಯಾಸಿನ ಅಪ್ಪಣೆಗೆ ಕಾಯದೆ ಮೊದಲೇ ಜಾರಿಗೆ ಬರುತ್ತವೆ. ಇನ್ನೊಂದು ಕೀಲಿ ಪ್ರೊಸೆಸರಿನ ಗತಿಯನ್ನು ಒಮ್ಮೆಗೇ ವಿಲಂಬಕ್ಕೆ ಇಳಿಸುತ್ತದೆ. ನಿಧಾನವಾಗಿ ಎಬ್ಬಿಸಿ, ಎದ್ದು ಕುಳಿತ ಮೇಲೆ ದ್ರುತಕ್ಕೆ ಏರಿಸಬಹುದು. ಯಾವುದೂ ಫಲಿಸದಿದ್ದರೆ, ಹೊಂದಿಸಿದ್ದನ್ನೆಲ್ಲ ಅಳಿಸಿ ಮೊದಲಿನಿಂದ ಆರಂಭಿಸುವುದು.

ಹುಳುವಿನಂತೆ ತೋರುವ ಬೇರೆ ತೊಂದರೆಗಳೂ ಉಂಟು. ಪ್ರೊಸೆಸರಿಗೂ ಲೋಟಕ್ಕೂ ನಡುವೆ ಬಳಿದ ಲೇಪವು ಚಳಿಗೆ ಬಿರುಕು ಬಿಟ್ಟರೆ, ಮಾಪಕ ಎಷ್ಟೇ ಚಳಿ ತೋರಿಸಿದರೂ ಪ್ರೊಸೆಸರು ಒಳಗೆ ಕಾದುಹೋಗುತ್ತದೆ. ಆಗ ಎಲ್ಲವನ್ನೂ ಬೆಚ್ಚಗಾಗಿಸಿ, ಬಿಚ್ಚಿ, ಹೊಸದಾಗಿ ಬಳಿಯಬೇಕು. ಇನ್ನು ತೇವ. ನಮ್ಮ ಹವೆಯಲ್ಲಿರುವ ತೇವವು ತಣ್ಣಗಿರುವ ಎಲ್ಲದರ ಮೇಲೂ ಮಂಜಾಗಿ ಕೂಡುತ್ತದೆ. ಕರಗಿದರೆ ನೀರು, ನೀರು ತಗುಲಿದರೆ ಸರ್ವನಾಶ. ವ್ಯಾಸಲೀನು, ರಬ್ಬರು, ಸ್ಪಂಜುಗಳ ಕವಚವೆಲ್ಲ ಇದಕ್ಕಾಗಿಯೇ.

ಎಲ್ಲಕ್ಕಿಂತ ಮಿಗಿಲಾದುದು ಮನುಷ್ಯನ ಪ್ರಾಣ. ಒಂದು ಲೀಟರು ದ್ರವ ಸಾರಜನಕ ಆವಿಯಾದರೆ ಸುಮಾರು 700 ಲೀಟರು ಅನಿಲವಾಗುತ್ತದೆ. ಮುಚ್ಚಿದ ಕೋಣೆಯಲ್ಲಿ ಅದು ಆಮ್ಲಜನಕವನ್ನು ಹೊರದೂಡುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ಉಸಿರು ಕಟ್ಟುವ ಮುನ್ಸೂಚನೆಯೂ ಇಲ್ಲದೆ ಎಚ್ಚರ ತಪ್ಪುತ್ತದೆ. ಬಿಗಿಯಾಗಿ ಮುಚ್ಚಿದ ಪಾತ್ರೆಯಲ್ಲಿಟ್ಟರೆ ಸಿಡಿಯುತ್ತದೆ. ಚರ್ಮಕ್ಕೆ ತಗುಲಿ ನಿಂತರೆ ಸುಟ್ಟ ಗಾಯವನ್ನೇ ಮಾಡುತ್ತದೆ. ಕಿಟಕಿಗಳು ತೆರೆದಿದ್ದುದೇಕೆಂದು ನನಗೆ ಆಗ ತಿಳಿಯಿತು. ಕೈಗವಸನ್ನೂ ಕನ್ನಡಕವನ್ನೂ ಮರೆತಿದ್ದ ಒಬ್ಬನನ್ನು ಅಳಿಯ ಗದರಿಸಿ ಹೊರಗೆ ಕಳಿಸಿದಾಗ, ಅವನ ಮಾತಿನಲ್ಲಿ ನಾನು ಈ ಹಿಂದೆ ಕೇಳದಿದ್ದ ಒಂದು ಗಾಂಭೀರ್ಯವಿತ್ತು.

"ಇಷ್ಟೆಲ್ಲ ಯಾತಕ್ಕಪ್ಪಾ?" ಎಂದೆ. ಅವನು ಬಲವಾದ ಸಮರ್ಥನೆ ಕೊಡುವನೆಂದು ನಿರೀಕ್ಷಿಸಿದ್ದೆ. "ಉಪಯೋಗ ಏನೂ ಇಲ್ಲ ಮಾವ. ಹತ್ತು ನಿಮಿಷ ಓಡುತ್ತದೆ, ಅಷ್ಟೆ. ಇದರಲ್ಲಿ ಯಾರೂ ಕಾಗದ ಬರೆಯುವುದಿಲ್ಲ, ಲೆಕ್ಕ ಇಡುವುದಿಲ್ಲ. ಆದರೆ ಎಲ್ಲಿ ನಿಂತಿತು, ಏಕೆ ನಿಂತಿತು ಎಂದು ಹುಡುಕುವಾಗ ತಿಳಿದಷ್ಟು ನನಗೆ ಪುಸ್ತಕದಿಂದ ತಿಳಿಯಲಿಲ್ಲ" ಎಂದ. ನಪಾಸಾದ ಎರಡು ವಿಷಯಗಳಲ್ಲಿ ಒಂದು ಟ್ರಾನ್ಸಿಸ್ಟರುಗಳನ್ನು ಕುರಿತದ್ದೆಂದು ಅಕ್ಕ ಹೇಳಿದ್ದು ನೆನಪಾಯಿತು. ಅರ್ಧ ಗಂಟೆಯಿಂದ ಅದನ್ನೇ ಅವನು ನನ್ನಂಥ ಸಾಹಿತ್ಯದ ಮೇಷ್ಟ್ರಿಗೂ ಅರ್ಥವಾಗುವಂತೆ ಹೇಳಿದ್ದ. ಪರೀಕ್ಷೆಯಲ್ಲಿ ಸೋತದ್ದೂ ನಿಜ, ಬಲ್ಲನೆಂಬುದೂ ನಿಜ. ಇವೆರಡರ ನಡುವೆ ಏನು ಸೋತಿತು?

ಮಾಪಕ ನಿಧಾನವಾಗಿ ಏರುತ್ತಿತ್ತು. 95, 90. ಶೂನ್ಯಕ್ಕಿಂತ 85 ಡಿಗ್ರಿ ಕೆಳಗಿರುವಾಗ ಗುಂಡಿ ಒತ್ತಿದರು. ಸೊನ್ನೆಗಳು ಕದಲಿದವು. ಅಂಕಿಗಳು ಒಂದರ ಹಿಂದೊಂದು ಓಡಿ, ಪರದೆಯಲ್ಲಿ ಬೆಳಕು ಮೂಡಿತು. ಎಂಬತ್ತೈದು ಡಿಗ್ರಿ ಕೆಳಗೆಂದರೆ ನಮಗೆ ಮರಣ. ಅದಕ್ಕೆ ಅಷ್ಟೇ ಸಾಕಾದ ಬೆಚ್ಚಗೆ. ಎದ್ದ ಮೇಲೆ ಮತ್ತೆ ತೊಟ್ಟುತೊಟ್ಟಾಗಿ ಸುರಿಯುತ್ತ, ಅದನ್ನು 110ಕ್ಕೆ ಒಯ್ದರು. ಆಗ ಸೂಪರ್ ಪೈ ಎಂಬ ಪರೀಕ್ಷೆ ನಡೆಯಿತು: ವೃತ್ತದ ಪರಿಧಿಗೂ ವ್ಯಾಸಕ್ಕೂ ಇರುವ ಅನುಪಾತವನ್ನು ಹತ್ತು ಲಕ್ಷಕ್ಕೂ ಮಿಕ್ಕ ಸ್ಥಾನಗಳವರೆಗೆ ಗುಣಿಸುವುದು. ಈ ಕ್ರಮವಿಧಿಯ ಹಿಂದಿರುವವರು, ಪೈಯ ಬೆಲೆಯನ್ನು ಕೋಟಿಗಟ್ಟಲೆ ಸ್ಥಾನಗಳಿಗೆ ಕಂಡುಹಿಡಿದ ಟೋಕಿಯೋ ವಿಶ್ವವಿದ್ಯಾಲಯದ ಯಸುಮಸ ಕನಡ. ಆ ಹೆಸರು ಕೇಳಿ ನಾನು ಹಿಗ್ಗಿದುದನ್ನು ಕಂಡು ಹುಡುಗರು ಈ ಸಲ ವಿನಯವಿಲ್ಲದೆಯೇ ನಕ್ಕರು. ಲೆಕ್ಕ ಕೆಲವೇ ಸೆಕೆಂಡುಗಳಲ್ಲಿ ಮುಗಿಯಿತು. ಸುರಿಯುವ ಕೈ ಈ ಬಾರಿ ಮೊದಲೇ ನಿಂತಿತ್ತು. ಅಂಕಿ ಪರದೆಯಲ್ಲಿ ಉಳಿಯಿತು. ಜಗತ್ತಿನ ದಾಖಲೆಯ ಹತ್ತಿರಕ್ಕೂ ಬಾರದ ಅಂಕಿ. ಅಳಿಯ ಅದನ್ನು ನೋಟುಪುಸ್ತಕದಲ್ಲಿ ಗುಂಡಾದ ಅಕ್ಷರಗಳಲ್ಲಿ ಬರೆದುಕೊಂಡ.

*

ಗೆಳೆಯರು ಹೋದಾಗ ರಾತ್ರಿ ಹನ್ನೆರಡು ದಾಟಿತ್ತು. ನನ್ನ ಬಳಿ ಬಸ್ಸಿನಲ್ಲಿ ಸಿದ್ಧಪಡಿಸಿದ ನಾಲ್ಕು ಮಾತುಗಳು ಹಾಗೆಯೇ ಇದ್ದವು: ತಂದೆತಾಯಿಗಳ ಶ್ರಮ, ಕಾಲದ ಬೆಲೆ, ಗೆಳೆಯರ ಆಯ್ಕೆ, ಭವಿಷ್ಯದ ಚಿಂತೆ. ಒಂದೂ ತಪ್ಪಲ್ಲ. ಆದರೆ ಅವನ್ನು ಆಡಲು ಬಾಯಿ ಬರಲಿಲ್ಲ. ಪ್ರತಿ ವರ್ಷ ಜುಲೈ ತಿಂಗಳಿನಲ್ಲಿ ನನ್ನ ತರಗತಿಗೆ ಹೊಸದಾಗಿ ಬಂದು ಕೊನೆಯ ಬೆಂಚಿನಲ್ಲಿ ಕುಳಿತ ಮಕ್ಕಳು ನೆನಪಿಗೆ ಬಂದರು. ಪ್ರಶ್ನೆ ಕೇಳಿದರೆ ತಲೆ ತಗ್ಗಿಸುವವರು. ಎದ್ದು ನಿಂತರೆ ಮಾತು ಬಾರದವರು. ಓಡುತ್ತಿರುವವರನ್ನು ಇನ್ನಷ್ಟು ಓಡಿಸುವುದನ್ನೇ ನಾನು ಪಾಠವೆಂದು ತಿಳಿದಿದ್ದೆ. ಏಳಲಾರದವರ ಎದುರಿಗೆ ಮತ್ತೆ ಮತ್ತೆ ಅದೇ ಗುಂಡಿ ಒತ್ತಿ, ಸೊನ್ನೆ ಬಂತೆಂದು ಬರೆದುಕೊಂಡವನಲ್ಲವೆ ನಾನು?

"ಊಟ ಆಯಿತೇನೋ?" ಎಂದೆ. ಆಗಿರಲಿಲ್ಲ. ಅಷ್ಟು ಹೊತ್ತಿನಲ್ಲಿ ತೆರೆದಿದ್ದ ಒಂದೇ ಒಂದು ಗಾಡಿಯ ಮುಂದೆ ನಿಂತು ಇಬ್ಬರೂ ಬಿಸಿ ಇಡ್ಲಿ ತಿಂದೆವು. ಎರಡನೆಯ ತಟ್ಟೆಯ ಹೊತ್ತಿಗೆ ಅವನೇ ಹೇಳತೊಡಗಿದ. ಮೊದಲ ವರ್ಷದಲ್ಲಿ ತರಗತಿಯ ಇಂಗ್ಲಿಷು ಅರ್ಥವಾಗದೆ ಹೋದದ್ದು; ಕೇಳಲು ನಾಚಿಕೆಯಾದದ್ದು; ಹಿಂದೆ ಬಿದ್ದಷ್ಟೂ ತರಗತಿಗೆ ಹೋಗಲು ಹೆದರಿಕೆಯಾದದ್ದು. "ಈ ಲೋಟದ ಮುಂದೆ ಕುಳಿತರೆ ಮಾತ್ರ ನಾನು ದಡ್ಡನಲ್ಲ ಅನಿಸುತ್ತದೆ ಮಾವ" ಎಂದ. ಅಕ್ಕನ ಫೋನಿನಲ್ಲಿ ಇದಾವುದೂ ಇರಲಿಲ್ಲ. ಅವಳಿಗೆ ಅವನು ಹೇಳಿರಲೂ ಇಲ್ಲ.

ಮರುದಿನ ಬೆಳಗ್ಗೆ ಇಬ್ಬರೂ ಕುಳಿತು ಒಂದು ಒಪ್ಪಂದಕ್ಕೆ ಬಂದೆವು. ಬಾಕಿ ಉಳಿದ ಎರಡು ವಿಷಯಗಳನ್ನು ಅವನು ಪ್ರತಿ ಭಾನುವಾರ ಫೋನಿನಲ್ಲಿ, ಕನ್ನಡದಲ್ಲಿಯೇ, ನನಗೆ ಪಾಠ ಹೇಳಬೇಕು. ನನಗೆ ಅರ್ಥವಾದರೆ ಅವನಿಗೆ ಅರ್ಥವಾದಂತೆ ಲೆಕ್ಕ. ಪರೀಕ್ಷೆ ಮುಗಿಯುವವರೆಗೆ ಡಬ್ಬ ಕೋಣೆಗೆ ಬರಕೂಡದು. ಮುಗಿದ ಮೇಲೆ ಅದರ ಖರ್ಚಿನಲ್ಲಿ ಅರ್ಧ ನನ್ನದು. ಅಕ್ಕನಿಗೆ ಈ ಕೊನೆಯ ಷರತ್ತನ್ನು ಇನ್ನೂ ತಿಳಿಸಿಲ್ಲ. ಈ ಪತ್ರಿಕೆಯನ್ನು ಅವಳು ಓದುತ್ತಾಳೆಂಬ ಅರಿವಿದ್ದೇ ಬರೆಯುತ್ತಿದ್ದೇನೆ.

ಇದುವರೆಗೆ ಹನ್ನೊಂದು ಪಾಠಗಳಾಗಿವೆ. ಪರೀಕ್ಷೆಗೆ ಇನ್ನೂ ದಿನಗಳಿವೆ. ಅವನು ತೇರ್ಗಡೆಯಾಗುವನೆಂದು ನಾನು ಹೇಳಲಾರೆ. ಆದರೆ ಕಳೆದ ಭಾನುವಾರ ನಾನು ಕೇಳಿದ ಒಂದು ಪ್ರಶ್ನೆಗೆ, "ಅದು ನನಗೂ ಗೊತ್ತಿಲ್ಲ ಮಾವ, ನಾಳೆ ತರಗತಿಯಲ್ಲಿ ಕೇಳಿಕೊಂಡು ಬಂದು ಹೇಳುತ್ತೇನೆ" ಎಂದ. ಅವನು ತರಗತಿಗೆ ಹೋಗುತ್ತಿದ್ದಾನೆಂಬುದು ನನಗೆ ತಿಳಿದದ್ದು ಹಾಗೆ.